ಗೇಟಿಲ್ಲದ ಕಾರ್ಖಾನೆ: ಕ್ರಿಯೇಟರ್‌ಗಳ ಸಂಘಕ್ಕೆ ಸಂಶೋಧನೆ, ವಿನ್ಯಾಸ ಯಾಕೆ ಬೇಕು?

ಹಿಂದೆ ಕಾರ್ಖಾನೆಯಲ್ಲಿ ಸಂಘ ಕಟ್ಟಲು ಹೊರಟವರು ಮೊದಲು ಹೋಗಿ ನಿಲ್ಲುತ್ತಿದ್ದದ್ದು ಗೇಟಿನ ಹತ್ತಿರ. ಪಾಳಿ ಮುಗಿದಾಗ ನೂರಾರು ಜನ ಒಟ್ಟಿಗೆ ಹೊರಗೆ ಬರುತ್ತಾರೆ. ಕರಪತ್ರ ಹಂಚಬಹುದು, ನಿಂತು ಮಾತಾಡಬಹುದು. "ನಿನಗೆ ಈ ತಿಂಗಳು ಓಟಿ ಎಷ್ಟು ಬಂತು?" ಅಂತ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಹಾಗೆ ಬಾಯಿಬಿಟ್ಟು ಹೇಳಿಕೊಂಡರೆ ಅರ್ಧ ಸಂಘ ಕಟ್ಟಿದ ಹಾಗೆ.

ಆನ್‌ಲೈನ್ ಕ್ರಿಯೇಟರ್‌ಗಳಿಗೆ ಈ ಗೇಟೇ ಇಲ್ಲ. ವಿಡಿಯೋ ಮಾಡುವವರು, ಪಾಡ್‌ಕಾಸ್ಟ್ ನಡೆಸುವವರು, ಗೇಮ್ ಆಡುತ್ತಾ ಲೈವ್ ಬರುವವರು, ಚಿತ್ರ ಬರೆದು ಹಾಕುವವರು ಎಲ್ಲರೂ ಕೆಲವೇ ಕಂಪನಿಗಳ ಪ್ಲಾಟ್‌ಫಾರ್ಮ್ ನಂಬಿಕೊಂಡು ದುಡಿಯುತ್ತಾರೆ. ಆದರೆ ದುಡಿಯುವುದು ಅವರವರ ಕೋಣೆಯಲ್ಲಿ, ಒಬ್ಬೊಬ್ಬರೇ. ತನ್ನಷ್ಟೇ ವ್ಯೂಸ್ ಇರುವ ಇನ್ನೊಬ್ಬರಿಗೆ ಪ್ರಚಾರದ ವಿಡಿಯೋಗೆ ಬ್ರ್ಯಾಂಡ್ ಎಷ್ಟು ಕೊಟ್ಟಿತು ಅಂತ ಗೊತ್ತಿರುವುದಿಲ್ಲ. ಮೊನ್ನೆ ಹಾಕಿದ ವಿಡಿಯೋಗೆ ಜಾಹೀರಾತು ಯಾಕೆ ನಿಂತಿತು ಅಂತ ಗೊತ್ತಿರುವುದಿಲ್ಲ. ಇನ್ನೂ ಎಷ್ಟೋ ಜನಕ್ಕೆ ಹೀಗೇ ಆಗಿದೆ ಅನ್ನೋದೂ ತಿಳಿಯುವುದಿಲ್ಲ. ಹಾಗಾಗಿ ತಪ್ಪು ನನ್ನದೇ ಇರಬೇಕು ಅಂದುಕೊಂಡು ಸುಮ್ನೆ ಇರುತ್ತಾರೆ.

ಇಂಥವರ ಪರವಾಗಿ ಕೆಲಸ ಮಾಡುವ ಸಂಘಕ್ಕೆ "ಸಂಶೋಧನೆ ಮತ್ತು ವಿನ್ಯಾಸ" ಬೇಕು ಅಂದರೆ ಬಹಳ ಜನಕ್ಕೆ ಲೋಗೋ, ಪೋಸ್ಟರ್, ಒಂದು ದಪ್ಪ ವರದಿ ನೆನಪಾಗುತ್ತದೆ. ಅವೆಲ್ಲ ಆಮೇಲಿನ ಮಾತು. ಇಲ್ಲಿ ಸಂಶೋಧನೆಯ ಕೆಲಸ, ಸಾವಿರಾರು ಕೋಣೆಗಳಲ್ಲಿ ಚದುರಿ ಬಿದ್ದಿರುವ ಸಂಗತಿಗಳನ್ನು ಒಂದು ಕಡೆ ತರುವುದು. ವಿನ್ಯಾಸದ ಕೆಲಸ, ಅವನ್ನು ಬೇಕಾದ ಹೊತ್ತಿಗೆ ಬೇಕಾದವರ ಕೈಗೆ ಸಿಗುವ ಹಾಗೆ ಮಾಡುವುದು. ಇವೆರಡೂ ಸೇರಿ ಆ ಇಲ್ಲದ ಗೇಟನ್ನು ಕಟ್ಟುತ್ತವೆ.

ಕೆಲಸಗಾರರೋ, ವ್ಯಾಪಾರಿಗಳೋ?

ಮೊದಲ ತೊಡಕು ಇದೇ. ಯೂಟ್ಯೂಬ್ 2007ರಲ್ಲಿ ಪಾರ್ಟ್‌ನರ್ ಪ್ರೋಗ್ರಾಮ್ ಶುರು ಮಾಡಿ, ಜಾಹೀರಾತಿನ ದುಡ್ಡಿನಲ್ಲಿ ಕ್ರಿಯೇಟರ್‌ಗಳಿಗೂ ಪಾಲು ಕೊಡತೊಡಗಿತು. ಈಗ ಉದ್ದದ ವಿಡಿಯೋಗಳಿಗೆ ಆ ಪಾಲು ಶೇ. 55, ಶಾರ್ಟ್ಸ್‌ಗೆ ಶೇ. 45. ಹೆಸರೇನೋ ಪಾರ್ಟ್‌ನರ್. ಆದರೆ ಪಾಲು ಎಷ್ಟು, ಯಾರಿಗೆ, ಯಾವ ಷರತ್ತಿನ ಮೇಲೆ ಅನ್ನುವುದನ್ನೆಲ್ಲ ಒಂದೇ ಕಡೆಯವರು ತೀರ್ಮಾನಿಸುತ್ತಾರೆ. 2017ರಲ್ಲಿ ದೊಡ್ಡ ದೊಡ್ಡ ಜಾಹೀರಾತುದಾರರು ಯೂಟ್ಯೂಬ್ ಬಿಟ್ಟು ಹೊರಟಾಗ ಎಷ್ಟೋ ಚಾನೆಲ್‌ಗಳ ಆದಾಯ ರಾತ್ರೋರಾತ್ರಿ ಕುಸಿಯಿತು. 2018ರ ಜನವರಿಯಲ್ಲಿ ಹೊಸ ನಿಯಮ ಬಂತು: 1,000 ಸಬ್‌ಸ್ಕ್ರೈಬರ್, ಹನ್ನೆರಡು ತಿಂಗಳಲ್ಲಿ 4,000 ಗಂಟೆ ನೋಡಿದ ಸಮಯ ಇಲ್ಲದಿದ್ದರೆ ಪಾಲಿಲ್ಲ. ಚಿಕ್ಕ ಚಾನೆಲ್‌ಗಳವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನೌಕರರಾಗಿದ್ದರೆ ಸಂಘ ಕಟ್ಟಿ ಮಾತುಕತೆಗೆ ಕರೆಯಬಹುದಿತ್ತು. ಕಾನೂನಿನ ಕಣ್ಣಿಗೆ ಕ್ರಿಯೇಟರ್‌ಗಳು ನೌಕರರಲ್ಲ, ಸ್ವತಂತ್ರ ವ್ಯಾಪಾರಿಗಳು. ವ್ಯಾಪಾರಿಗಳು ಒಟ್ಟಾಗಿ "ಇಷ್ಟಕ್ಕಿಂತ ಕಡಿಮೆಗೆ ಮಾಡಲ್ಲ" ಅಂದರೆ ಅದು ಬೆಲೆ ನಿಗದಿ ಮಾಡುವ ಕೂಟ ಅನ್ನಿಸಿಕೊಂಡು, ಸ್ಪರ್ಧಾ ಕಾನೂನೇ ಅಡ್ಡ ಬರಬಹುದು. ಯುರೋಪಿಯನ್ ಕಮಿಷನ್ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಒಬ್ಬಂಟಿಯಾಗಿ ದುಡಿಯುವ ಸ್ವಂತ ಉದ್ಯೋಗಿಗಳ ಸಾಮೂಹಿಕ ಒಪ್ಪಂದಗಳಿಗೆ ಒಂದಿಷ್ಟು ಜಾಗ ಮಾಡಿಕೊಟ್ಟಿತು. ಅಷ್ಟು ಸ್ಪಷ್ಟತೆ ಎಲ್ಲ ಕಡೆ ಇಲ್ಲ. ಹಾಗಾಗಿ ಇಂಥ ಸಂಘ ಒಂದು ದರದ ಪಟ್ಟಿ ಹಾಕುವ ಮುಂಚೆಯೂ ವಕೀಲರನ್ನು ಕೇಳಬೇಕು. "ಇಷ್ಟು ಕೇಳಿ" ಅಂತ ಹೇಳುವುದಕ್ಕೂ "ಬೇರೆಯವರಿಗೆ ಇಷ್ಟು ಸಿಕ್ಕಿದೆ" ಅಂತ ಹೇಳುವುದಕ್ಕೂ ಕಾನೂನಿನಲ್ಲಿ ದೊಡ್ಡ ವ್ಯತ್ಯಾಸ ಇರಬಹುದು.

ಆದರೂ ಜನ ಪ್ರಯತ್ನ ಬಿಟ್ಟಿಲ್ಲ. 2016ರಲ್ಲಿ ಅಮೆರಿಕದ ಯೂಟ್ಯೂಬರ್ ಹ್ಯಾಂಕ್ ಗ್ರೀನ್ ಇಂಟರ್ನೆಟ್ ಕ್ರಿಯೇಟರ್ಸ್ ಗಿಲ್ಡ್ ಶುರು ಮಾಡಿದರು. 2018ರಲ್ಲಿ ಜರ್ಮನಿಯ ಯೋರ್ಗ್ ಸ್ಪ್ರಾವೆ ಯೂಟ್ಯೂಬರ್ಸ್ ಯೂನಿಯನ್ ಕಟ್ಟಿದರು. ಕವಣೆಗಳನ್ನು ತಯಾರಿಸಿ ತೋರಿಸುವ ಚಾನೆಲ್ ಅವರದು. ಮರುವರ್ಷ ಅವರ ಜೊತೆ ಕೈಜೋಡಿಸಿದ್ದು ಐಜಿ ಮೆಟಾಲ್, ಅಂದರೆ ಕಾರು, ಉಕ್ಕಿನ ಕಾರ್ಖಾನೆಗಳ ಕೆಲಸಗಾರರನ್ನು ಸಂಘಟಿಸಿದ, 20 ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಹಳೆಯ ಕಾರ್ಮಿಕ ಸಂಘ. ಇಬ್ಬರೂ ಸೇರಿ ಫೇರ್‌ಟ್ಯೂಬ್ ಅನ್ನುವ ಹೆಸರಲ್ಲಿ ಬೇಡಿಕೆ ಇಟ್ಟರು. ಆ ಬೇಡಿಕೆಗಳನ್ನು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ವಿಡಿಯೋಗಳನ್ನು ಯಾವ ವರ್ಗಕ್ಕೆ, ಯಾವ ಆಧಾರದ ಮೇಲೆ ಹಾಕುತ್ತೀರಿ ಅಂತ ಹೇಳಿ. ದುಡ್ಡು ನಿಲ್ಲಿಸಿದರೆ ಕಾರಣ ಕೊಡಿ. ಮಾತಾಡಲು ಒಬ್ಬ ಮನುಷ್ಯನನ್ನು ಕೊಡಿ. ಜಗಳ ಬಗೆಹರಿಸಲು ಸ್ವತಂತ್ರ ಮಂಡಳಿ ಮಾಡಿ. ಮುಖ್ಯವಾಗಿ ಅವರು ಕೇಳಿದ್ದು ಮಾಹಿತಿ ಮತ್ತು ಉತ್ತರ. ದುಡ್ಡಿನ ಮಾತು ಆಮೇಲೆ.

ಒಂದು ಅಂಕಿ ಮಾಡಿದ ಕೆಲಸ

ಮಾಹಿತಿ ಸ್ಪಷ್ಟವಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಪೇಟ್ರಿಯಾನ್‌ನದು. ಅಭಿಮಾನಿಗಳು ತಿಂಗಳಿಗೆ ಒಂದು ಡಾಲರ್, ಐದು ಡಾಲರ್ ಹೀಗೆ ಕೊಟ್ಟು ಕ್ರಿಯೇಟರ್‌ಗಳನ್ನು ಬೆಂಬಲಿಸುವ ಸೇವೆ ಅದು. 2017ರ ಡಿಸೆಂಬರ್‌ನಲ್ಲಿ ಶುಲ್ಕದ ಲೆಕ್ಕ ಬದಲಾಯಿಸುತ್ತೇವೆ ಅಂತ ಕಂಪನಿ ಹೇಳಿತು. ಇನ್ನು ಮುಂದೆ ಪ್ರತಿ ಕೊಡುಗೆಯ ಮೇಲೆ ಶೇ. 2.9 ಮತ್ತು 35 ಸೆಂಟ್, ಅದನ್ನು ಅಭಿಮಾನಿಗಳೇ ಕೊಡಬೇಕು. ಕೇಳಿದರೆ ಅಂಥದ್ದೇನೂ ಅನ್ನಿಸುವುದಿಲ್ಲ, ಅಲ್ವಾ? ಲೆಕ್ಕ ಹಾಕಿ ನೋಡಿ. ಹತ್ತು ಡಾಲರ್ ಕೊಡುವವರಿಗೆ 10.64 ಆಗುತ್ತದೆ. ಒಂದು ಡಾಲರ್ ಕೊಡುವವರಿಗೆ 1.38. ದೊಡ್ಡ ಕೊಡುಗೆಗೆ ಶೇ. 6ರಷ್ಟು ಏರಿಕೆ, ಚಿಕ್ಕ ಕೊಡುಗೆಗೆ ಶೇ. 38. ಒಂದೊಂದು ಡಾಲರ್ ಕೊಡುವ ನೂರಾರು ಜನರನ್ನು ನಂಬಿಕೊಂಡಿದ್ದ ಚಿಕ್ಕ ಕ್ರಿಯೇಟರ್‌ಗಳಿಗೇ ಪೆಟ್ಟು ಜಾಸ್ತಿ.

ಆ 1.38 ಎಲ್ಲರಿಗೂ ಅರ್ಥವಾಯಿತು. ಅಭಿಮಾನಿಗಳು ಕೊಡುಗೆ ನಿಲ್ಲಿಸತೊಡಗಿದರು, ಕ್ರಿಯೇಟರ್‌ಗಳು ಒಟ್ಟಾಗಿ ದನಿ ಎತ್ತಿದರು. ಒಂದು ವಾರದೊಳಗೆ ಕಂಪನಿ ಕ್ಷಮೆ ಕೇಳಿ ಯೋಜನೆ ಕೈಬಿಟ್ಟಿತು. ಅಲ್ಲಿ ಯಾವ ಸಂಘವೂ ಇರಲಿಲ್ಲ. ಆದರೆ ಎಲ್ಲರೂ ಒಂದೇ ಅಂಕಿಯನ್ನು ನೋಡುತ್ತಿದ್ದರು. ಬೇರೆ ಹೊತ್ತಿನಲ್ಲಿ ಅಂಥ ಅಂಕಿ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಹುಡುಕಿ ತೆಗೆಯಬೇಕು. ಅದೇ ಸಂಶೋಧನೆ.

ಟರ್ಕಾಪ್ಟಿಕಾನ್ ಕಲಿಸಿದ್ದು

ವಿನ್ಯಾಸದ ವಿಷಯಕ್ಕೆ ಬಂದರೆ, ಕ್ರಿಯೇಟರ್‌ಗಳ ಲೋಕದಿಂದ ಸ್ವಲ್ಪ ಆಚೆ ಹೋಗಬೇಕು. ಅಮೆಜಾನ್ ಮೆಕ್ಯಾನಿಕಲ್ ಟರ್ಕ್ ಅನ್ನುವ ಜಾಗದಲ್ಲಿ ಜನ ಕಂಪ್ಯೂಟರ್ ಮುಂದೆ ಕೂತು ಚಿಲ್ಲರೆ ಕೆಲಸ ಮಾಡುತ್ತಾರೆ: ಚಿತ್ರಕ್ಕೆ ಹೆಸರು ಹಾಕುವುದು, ಧ್ವನಿಯನ್ನು ಅಕ್ಷರಕ್ಕೆ ಇಳಿಸುವುದು, ಸಮೀಕ್ಷೆ ತುಂಬುವುದು. ಕೆಲಸ ಕೊಟ್ಟವರು ಕಾರಣ ಹೇಳದೆ "ಸರಿಯಿಲ್ಲ" ಅಂತ ತಿರಸ್ಕರಿಸಬಹುದು. ಆಗ ದುಡ್ಡೂ ಇಲ್ಲ, ಮಾಡಿದ ಕೆಲಸವೂ ಅವರ ಹತ್ತಿರವೇ ಉಳಿಯುತ್ತದೆ.

2008ರಲ್ಲಿ ಲಿಲ್ಲಿ ಇರಾನಿ ಮತ್ತು ಸಿಕ್ಸ್ ಸಿಲ್ಬರ್‌ಮನ್ ಅನ್ನುವ ಇಬ್ಬರು ಸಂಶೋಧಕರು ಮೊದಲು ಒಂದು ಸರಳ ಕೆಲಸ ಮಾಡಿದರು. ಆ ಪ್ಲಾಟ್‌ಫಾರ್ಮ್‌ನಲ್ಲೇ ಒಂದು ಕೆಲಸ ಹಾಕಿ, ದುಡ್ಡು ಕೊಟ್ಟು, ಕೆಲಸಗಾರರನ್ನು ಕೇಳಿದರು: ನಿಮ್ಮ ಹಕ್ಕುಪತ್ರ ಬರೆಯುವುದಾದರೆ ಅದರಲ್ಲಿ ಏನಿರಬೇಕು? ಕಾರಣವಿಲ್ಲದ ತಿರಸ್ಕಾರ, ತಡವಾಗುವ ದುಡ್ಡು, ಕಡಿಮೆ ಕೂಲಿ, ಪ್ರಶ್ನೆ ಕೇಳಿದರೆ ಬಾರದ ಉತ್ತರ ಇವೇ ಮತ್ತೆ ಮತ್ತೆ ಬಂದವು. ಆ ಉತ್ತರಗಳಿಂದಲೇ ಟರ್ಕಾಪ್ಟಿಕಾನ್ ಹುಟ್ಟಿತು. ಕೆಲಸಗಾರರು ಕೆಲಸ ಕೊಡುವವರಿಗೆ ನಾಲ್ಕು ವಿಷಯದಲ್ಲಿ ಅಂಕ ಕೊಡಬಹುದು: ಮಾತಿಗೆ ಸಿಗುತ್ತಾರಾ, ಕೈ ಬಿಚ್ಚಿ ಕೊಡುತ್ತಾರಾ, ನ್ಯಾಯವಾಗಿದ್ದಾರಾ, ಬೇಗ ಕೊಡುತ್ತಾರಾ. ದೂರುಗಳು ಹಾಗೇ ತಿರುಗಿ ಅಳತೆಗೋಲು ಆದವು.

ಇದಕ್ಕಿಂತ ಮುಖ್ಯವಾದದ್ದು ಅದನ್ನು ಇಟ್ಟ ಜಾಗ. ಬೇರೊಂದು ವೆಬ್‌ಸೈಟ್‌ಗೆ ಹೋಗಿ ನೋಡಿ ಅಂದಿದ್ದರೆ ಎಷ್ಟು ಜನ ಹೋಗುತ್ತಿದ್ದರು? ಅವರು ಬ್ರೌಸರ್‌ಗೆ ಹಾಕಿಕೊಳ್ಳುವ ಒಂದು ಎಕ್ಸ್‌ಟೆನ್ಷನ್ ಮಾಡಿದರು. ಕೆಲಸಗಳ ಪಟ್ಟಿಯ ಪುಟದಲ್ಲೇ, ಕೆಲಸ ಕೊಡುವವರ ಹೆಸರಿನ ಪಕ್ಕದಲ್ಲೇ ಅಂಕ ಕಾಣುತ್ತದೆ. ಒಪ್ಪಿಕೊಳ್ಳಲೋ ಬೇಡವೋ ಅಂತ ಬೆರಳು ಹಿಂದೆ ಮುಂದೆ ನೋಡುವ ಆ ಕ್ಷಣಕ್ಕೇ ಉತ್ತರ ಸಿಗುತ್ತದೆ. ನನ್ನ ಪ್ರಕಾರ ಇಂಥ ವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಸಿಲ್ಬರ್‌ಮನ್ ಆಮೇಲೆ ಐಜಿ ಮೆಟಾಲ್‌ನಲ್ಲೂ ಕೆಲಸ ಮಾಡಿದರು. ಹೀಗೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಹರಿಯುತ್ತದೆ.

ಕ್ರಿಯೇಟರ್‌ಗೆ ಆ ಕ್ಷಣ ಯಾವುದು? ಬ್ರ್ಯಾಂಡ್‌ನಿಂದ ಬಂದ ಮೇಲ್‌ಗೆ ಉತ್ತರ ಬರೆಯಲು ಕೂತಾಗ. ಕರಾರು ಪತ್ರ ಬಂದು, ನಾಳೆಯೊಳಗೆ ಸಹಿ ಹಾಕಿ ಕಳಿಸಿ ಅಂದಾಗ. ಬೆಳಿಗ್ಗೆ ಎದ್ದು ನೋಡಿದರೆ ಚಾನೆಲ್‌ಗೆ ಸ್ಟ್ರೈಕ್, ಅಂದರೆ ನಿಯಮ ಮುರಿದಿರಿ ಅನ್ನುವ ದಂಡ, ಬಿದ್ದಿದ್ದಾಗ. ಸಂಘ ಏನು ತಯಾರಿಸಿದರೂ ಈ ಮೂರು ಹೊತ್ತಿನಲ್ಲಿ ಫೋನ್‌ನಲ್ಲೇ ಸಿಗಬೇಕು, ಎರಡು ನಿಮಿಷದಲ್ಲಿ ಅರ್ಥವಾಗಬೇಕು. ಎಂಬತ್ತು ಪುಟದ ವರದಿ ಪತ್ರಕರ್ತರಿಗೆ, ಶಾಸಕರಿಗೆ ಬೇಕು. ಈ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬಾರದು.

ಹೇಗೆ ಕೇಳುತ್ತೀರಿ ಅನ್ನುವುದರಲ್ಲೇ ಇದೆ

ಸಮೀಕ್ಷೆ ಮಾಡುವುದು ಸುಲಭ, ಒಂದು ಫಾರ್ಮ್ ಮಾಡಿ ಲಿಂಕ್ ಕಳಿಸಿದರೆ ಆಯ್ತು ಅಂತ ಅನೇಕರು ಅಂದುಕೊಂಡಿದ್ದಾರೆ. ಒಂದೇ ಒಂದು ಪ್ರಶ್ನೆ ತೆಗೆದುಕೊಂಡು ನೋಡೋಣ.

"ನಿಮಗೆ ನ್ಯಾಯವಾದ ಸಂಭಾವನೆ ಸಿಗುತ್ತಿದೆಯೇ?" ಇದಕ್ಕೆ ಬಹುಪಾಲು ಜನ "ಇಲ್ಲ" ಅನ್ನುತ್ತಾರೆ. ಅದರಿಂದ ಏನು ಗೊತ್ತಾಯಿತು? ಏನೂ ಇಲ್ಲ. ನ್ಯಾಯ ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಸ್ವಲ್ಪ ತಿದ್ದಿ, "ಒಂದು ಬ್ರ್ಯಾಂಡ್ ಡೀಲ್‌ಗೆ ಸಾಮಾನ್ಯವಾಗಿ ಎಷ್ಟು ಪಡೆಯುತ್ತೀರಿ?" ಅನ್ನಬಹುದು. ಆಗ ಜನ ತಮ್ಮ ಒಳ್ಳೆಯ ಡೀಲನ್ನು ನೆನಪಿಸಿಕೊಂಡು ಬರೆಯುತ್ತಾರೆ. ಬೇಕೂಂತ ಸುಳ್ಳು ಹೇಳುವುದಲ್ಲ, ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ಇನ್ನೊಮ್ಮೆ ತಿದ್ದೋಣ: "ನೀವು ಕಟ್ಟಕಡೆಯದಾಗಿ ಮಾಡಿದ ಬ್ರ್ಯಾಂಡ್ ವಿಡಿಯೋ ನೆನಪಿಸಿಕೊಳ್ಳಿ. ಮಾತಾಡಿದ್ದು ಎಷ್ಟು? ಕೈಗೆ ಬಂದದ್ದು ಎಷ್ಟು? ವಿಡಿಯೋ ಹಾಕಿದ ಎಷ್ಟು ದಿನಕ್ಕೆ ಬಂತು? ಎಷ್ಟು ಸಲ ತಿದ್ದಿಸಿದರು? ದುಡ್ಡಿನ ಬದಲು ವಸ್ತು ಕೊಟ್ಟರಾ?" ಈಗ ನಮ್ಮ ಕೈಯಲ್ಲಿ ಒಂದು ನಿಜವಾದ ಘಟನೆ ಇದೆ. ಇಂಥ ಇನ್ನೂರು ಘಟನೆ ಸೇರಿದರೆ ದುಡ್ಡು ಎಲ್ಲಿ ತಡವಾಗುತ್ತದೆ, ಎಲ್ಲಿ ಸೋರುತ್ತದೆ ಅಂತ ಕಾಣಿಸುತ್ತದೆ.

ಈ ಪ್ರಶ್ನೆಗಳನ್ನು ಮೇಜಿನ ಮುಂದೆ ಕೂತು ಊಹಿಸಿ ಬರೆಯಲು ಆಗುವುದಿಲ್ಲ. ಮೊದಲು ಹತ್ತು ಹದಿನೈದು ಜನರ ಜೊತೆ ನಿಧಾನವಾಗಿ ಕೂತು ಮಾತಾಡಬೇಕು. "ತಿದ್ದಿಸುವುದು" ಅನ್ನುವುದೇ ದೊಡ್ಡ ಹೊರೆ ಅಂತ ಗೊತ್ತಾಗುವುದು ಅಂಥ ಮಾತಿನಲ್ಲೇ. ಹಾಗೆ ಸಮಯ ಕೊಟ್ಟವರಿಗೆ ಸಂಭಾವನೆ ಕೊಡಲೇಬೇಕು. ಪುಕ್ಕಟೆ ದುಡಿಮೆಯ ವಿರುದ್ಧ ನಿಂತ ಸಂಘವೇ ಪುಕ್ಕಟೆ ಸಮಯ ಕೇಳಬಾರದು.

ಗಂಟೆ ಲೆಕ್ಕವೂ ಹೀಗೇ. ಮೆಕ್ಯಾನಿಕಲ್ ಟರ್ಕ್ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 2,676 ಕೆಲಸಗಾರರು ಮಾಡಿದ 38 ಲಕ್ಷ ಕೆಲಸಗಳನ್ನು ನೋಡಿತು. ಕೆಲಸ ಹುಡುಕುವ ಹೊತ್ತು, ತಿರಸ್ಕಾರವಾದ ಕೆಲಸದ ಹೊತ್ತು, ಅರ್ಧಕ್ಕೆ ಬಿಟ್ಟ ಕೆಲಸದ ಹೊತ್ತು ಎಲ್ಲವನ್ನೂ ಸೇರಿಸಿತು. ಮಧ್ಯದಲ್ಲಿ ನಿಲ್ಲುವ ಕೆಲಸಗಾರರ ಗಳಿಕೆ ಗಂಟೆಗೆ ಸುಮಾರು 2 ಡಾಲರ್ ಅಂತ ಬಂತು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯಾದ ಗಂಟೆಗೆ 7.25 ಡಾಲರ್‌ಗಿಂತ ಜಾಸ್ತಿ ಗಳಿಸಿದವರು ಬರೀ ಶೇ. 4. ಕ್ರಿಯೇಟರ್ ವಿಷಯದಲ್ಲೂ ಕ್ಯಾಮೆರಾ ಮುಂದೆ ನಿಂತ ಇಪ್ಪತ್ತು ನಿಮಿಷ ಮಾತ್ರ ಲೆಕ್ಕ ಹಿಡಿದರೆ ಆದಾಯ ಭರ್ಜರಿಯಾಗಿ ಕಾಣುತ್ತದೆ. ಸ್ಕ್ರಿಪ್ಟ್, ಎಡಿಟಿಂಗ್, ಥಂಬ್‌ನೇಲ್, ಕಮೆಂಟ್‌ಗಳಿಗೆ ಉತ್ತರ, ಬೈಗುಳ ಅಳಿಸುವುದು, ಬಾಕಿ ದುಡ್ಡಿಗಾಗಿ ಮೇಲ್ ಮೇಲೆ ಮೇಲ್ ಬರೆಯುವುದು ಇವೂ ಕೆಲಸವೇ.

ಇನ್ನು ಸರಾಸರಿ. ಹತ್ತು ಜನ ಇದ್ದಾರೆ ಅಂದುಕೊಳ್ಳಿ. ಒಂಬತ್ತು ಜನಕ್ಕೆ ಒಂದು ಪೋಸ್ಟ್‌ಗೆ 100 ಡಾಲರ್, ಹತ್ತನೆಯವರು ಬಹಳ ಪ್ರಸಿದ್ಧರು, ಅವರಿಗೆ 10,000. ಸರಾಸರಿ 1,090 ಡಾಲರ್! ಆ ಗುಂಪಿನಲ್ಲಿ ಅದರ ಹತ್ತಿರದಷ್ಟು ಪಡೆದವರು ಒಬ್ಬರೂ ಇಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಧ್ಯದವರನ್ನು ಕೇಳಿದರೆ 100 ಅನ್ನುತ್ತಾರೆ. ಕ್ರಿಯೇಟರ್ ಲೋಕದಲ್ಲಿ ಮೇಲಿನ ಕೆಲವರಿಗೂ ಉಳಿದವರಿಗೂ ಅಂತರ ಬಹಳ ದೊಡ್ಡದು. ಅದಕ್ಕೇ ಇಲ್ಲಿ ಈ ಮಧ್ಯದ ಅಂಕಿಯನ್ನೇ ಹಿಡಿಯಬೇಕು. ಒಟ್ಟು ಅಂಕಿಯೊಳಗೆ ಅಡಗಿರುವ ಭೇದವನ್ನೂ ಬಿಡಿಸಿ ನೋಡಬೇಕು. 2021ರ ಕೊನೆಯಲ್ಲಿ ಅಮೆರಿಕದ ಒಂದು ಅಧ್ಯಯನ, ಬಿಳಿಯ ಇನ್‌ಫ್ಲುಯೆನ್ಸರ್‌ಗಳಿಗೂ ಕಪ್ಪು ಇನ್‌ಫ್ಲುಯೆನ್ಸರ್‌ಗಳಿಗೂ ಸಂಭಾವನೆಯಲ್ಲಿ ಶೇ. 35 ಅಂತರ ಇದೆ ಅಂತ ತೋರಿಸಿತು. ದರ ಗುಟ್ಟಾಗಿರುವ ತನಕ ಇಂಥ ಅಂತರ ಹಾಯಾಗಿ ಉಳಿಯುತ್ತದೆ.

ಸಾಕಾಗಿ ಬಿಟ್ಟು ಹೋದವರನ್ನೂ ಮರೆಯಬಾರದು. ಅವರು ಯಾವ ಗುಂಪಿನಲ್ಲೂ ಇರುವುದಿಲ್ಲ, ಲಿಂಕ್ ಅವರಿಗೆ ತಲುಪುವುದೇ ಇಲ್ಲ. ಹುಡುಕಿಕೊಂಡು ಹೋಗಬೇಕು.

ಗಾಳಿಮಾತು ಮತ್ತು ಪುರಾವೆ

"ವಾರಕ್ಕೆ ಮೂರು ವಿಡಿಯೋ ಹಾಕದಿದ್ದರೆ ರೀಚ್ ಬೀಳುತ್ತದೆ." "ಆ ಪದ ಬಳಸಿದರೆ ದುಡ್ಡು ನಿಲ್ಲುತ್ತದೆ." "ನನಗೆ ಶ್ಯಾಡೋಬ್ಯಾನ್ ಆಗಿದೆ, ಹೇಳದೆ ಕೇಳದೆ ನನ್ನ ಪೋಸ್ಟ್ ಅಡಗಿಸಿಟ್ಟಿದ್ದಾರೆ." ಇಂಥ ಮಾತು ಕ್ರಿಯೇಟರ್‌ಗಳ ನಡುವೆ ಸದಾ ಓಡಾಡುತ್ತದೆ. ಸೋಫಿ ಬಿಷಪ್ ಅನ್ನುವ ಸಂಶೋಧಕಿ ಇದನ್ನು ಅಲ್ಗಾರಿದಮ್ (ಯಾರಿಗೆ ಏನು ತೋರಿಸಬೇಕು ಅಂತ ತೀರ್ಮಾನಿಸುವ ಕಂಪ್ಯೂಟರ್ ಲೆಕ್ಕಾಚಾರ) ಬಗೆಗಿನ ಹರಟೆ ಅಂತ ಕರೆದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಇದೂ ಒಂದು ಬಗೆಯ ತಿಳಿವಳಿಕೆ ಅಂದರು. ನನಗೂ ಅದು ಸರಿ ಅನ್ನಿಸುತ್ತದೆ. ನಿಯಮ ಹೇಳುವವರಿಲ್ಲದಿದ್ದರೆ ಜನ ತಮ್ಮ ತಮ್ಮ ಅನುಭವ ಕೂಡಿಸಿ ನಿಯಮ ಊಹಿಸುತ್ತಾರೆ. ಆದರೆ ಊಹೆ ಹಿಡಿದುಕೊಂಡು ಕಂಪನಿಯ ಮುಂದೆ ಹೋಗಲು ಆಗುವುದಿಲ್ಲ. "ಹಾಗೇನಿಲ್ಲ" ಅಂದರೆ ಮಾತು ಮುಗಿಯಿತು.

2019ರಲ್ಲಿ ಕೆಲವು ಯೂಟ್ಯೂಬರ್‌ಗಳು ಊಹೆಯನ್ನು ಪರೀಕ್ಷೆಗೆ ಇಳಿಸಿದರು. ಬೇರೆ ಏನೂ ಇಲ್ಲದ ಚಿಕ್ಕ ಚಿಕ್ಕ ವಿಡಿಯೋ, ತಲೆಬರಹ ಮಾತ್ರ ಬೇರೆ ಬೇರೆ. ಹೀಗೆ ಸುಮಾರು 15 ಸಾವಿರ ಪದಗಳನ್ನು ಹಾಕಿ, ಯಾವುದಕ್ಕೆ ಜಾಹೀರಾತು ನಿಲ್ಲುತ್ತದೆ ಅಂತ ನೋಡಿದರು. ಸಲಿಂಗಿ ಸಮುದಾಯಕ್ಕೆ ಸಂಬಂಧಿಸಿದ ಸಾಮಾನ್ಯ ಪದಗಳಿಗೂ ನಿಂತಿತು ಅಂತ ವರದಿ ಮಾಡಿದರು. ಅಂಥ ಪದಗಳ ಪಟ್ಟಿ ತನ್ನಲ್ಲಿಲ್ಲ ಅಂತ ಯೂಟ್ಯೂಬ್ ಹೇಳಿತು. ತೀರ್ಪು ಏನೇ ಇರಲಿ, ಈ ಸಲ ಕಂಪನಿ ಉತ್ತರ ಕೊಡಬೇಕಾಯಿತು. ಒಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು ನೋಡುವುದು ಶಾಲೆಯಲ್ಲಿ ಕಲಿತ ಪ್ರಯೋಗದ ಪಾಠವೇ.

ಇನ್ನೊಂದು ದಾರಿ ದತ್ತಾಂಶ ದಾನ. ಸದಸ್ಯರು ತಮ್ಮ ಇಷ್ಟದಿಂದ ಬ್ರೌಸರ್‌ಗೆ ಒಂದು ಸಣ್ಣ ಸಾಧನ ಹಾಕಿಕೊಂಡು ತಮಗೆ ಕಾಣುವುದನ್ನು ಸಂಶೋಧಕರಿಗೆ ಕಳಿಸುತ್ತಾರೆ. ಇದರಲ್ಲಿ ಅಪಾಯವೂ ಇದೆ. ಅಲ್ಗಾರಿದಮ್‌ವಾಚ್ ಅನ್ನುವ ಸಂಸ್ಥೆ ಇನ್‌ಸ್ಟಾಗ್ರಾಮ್ ಬಗ್ಗೆ ಹೀಗೇ ನಡೆಸುತ್ತಿದ್ದ ಕೆಲಸವನ್ನು 2021ರಲ್ಲಿ ಫೇಸ್‌ಬುಕ್‌ನ ಒತ್ತಡದಿಂದ ನಿಲ್ಲಿಸಬೇಕಾಯಿತು.

ಯುರೋಪಿನಲ್ಲಿ ಕಾನೂನೂ ಸ್ವಲ್ಪ ಜೊತೆಗಿದೆ. ತನ್ನ ಬಗ್ಗೆ ಕಂಪನಿ ಇಟ್ಟಿರುವ ಮಾಹಿತಿ ಕೊಡಿ ಅಂತ ಅಲ್ಲಿ ಯಾರು ಬೇಕಾದರೂ ಕೇಳಬಹುದು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಬರಬೇಕು. 2024ರ ಫೆಬ್ರವರಿಯಿಂದ ಪೂರ್ತಿಯಾಗಿ ಜಾರಿಯಾದ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ, ಪ್ಲಾಟ್‌ಫಾರ್ಮ್ ಒಂದು ಪೋಸ್ಟನ್ನು ತೆಗೆದರೆ, ಕೆಳಗೆ ತಳ್ಳಿದರೆ ಅಥವಾ ಅದರ ದುಡ್ಡು ನಿಲ್ಲಿಸಿದರೆ ಕಾರಣ ಬರೆದು ತಿಳಿಸಬೇಕು. ಯಂತ್ರ ತೀರ್ಮಾನಿಸಿದ್ದರೆ ಅದನ್ನೂ ಹೇಳಬೇಕು. ಫೇರ್‌ಟ್ಯೂಬ್ 2019ರಲ್ಲಿ ಕೇಳಿದ್ದರಲ್ಲಿ ಒಂದು ಭಾಗ ಇದೇ ಅಲ್ವಾ? ಆದರೆ ಹಕ್ಕು ಕಾಯ್ದೆಯಲ್ಲಿದ್ದರೆ ಸಾಲದು. ವಿನ್ಯಾಸಕರು ಇಲ್ಲಿ ಮಾಡಬಹುದಾದ ಅತಿ ಉಪಯುಕ್ತ ವಸ್ತು ಒಂದು ಮಾದರಿ ಪತ್ರ. ಹೆಸರು, ಚಾನೆಲ್, ದಿನಾಂಕ ತುಂಬಿ ಕಳಿಸಿದರೆ ಸಾಕು ಅನ್ನುವಂಥದ್ದು.

ಹೇಳಿದವರನ್ನು ಕಾಯುವುದು

ಮಾಹಿತಿ ಕೊಟ್ಟವರಿಗೆ ಅದೇ ಮುಳುವಾಗಬಾರದು. ದರ ಹೊರಗೆ ಹೇಳಬಾರದು ಅಂತ ಕರಾರಿನಲ್ಲೇ ಬರೆದಿರಬಹುದು. ಮುಂದಿನ ಡೀಲ್ ಕೈತಪ್ಪಬಹುದು. ಹೆಸರು ತೆಗೆದುಬಿಟ್ಟರೆ ಮುಗಿಯಿತು ಅನ್ನುವ ಹಾಗಿಲ್ಲ. ಒಂದು ಪುಟ್ಟ ಭಾಷೆಯಲ್ಲಿ, ಒಂದು ಅಪರೂಪದ ಕರಕುಶಲ ಕಲೆಯ ಬಗ್ಗೆ ವಿಡಿಯೋ ಮಾಡುವವರು ಮೂವರೇ ಇದ್ದರೆ, ಆ ಮೂವರ ಮಧ್ಯದ ದರ ಹಾಕಿದರೂ ಯಾರು ಅಂತ ಬ್ರ್ಯಾಂಡ್‌ಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಇಷ್ಟು ಜನಕ್ಕಿಂತ ಕಡಿಮೆ ಇದ್ದರೆ ಅಂಕಿ ತೋರಿಸುವುದಿಲ್ಲ ಅಂತ ಮೊದಲೇ ಗೆರೆ ಎಳೆಯಬೇಕು. ಸ್ಕ್ರೀನ್‌ಶಾಟ್ ಕೇಳಿದರೆ ಅದರ ಮೂಲೆಯಲ್ಲಿರುವ ಮೇಲ್ ವಿಳಾಸವೂ ಬರುತ್ತದೆ ಅನ್ನುವುದು ತಲೆಯಲ್ಲಿರಬೇಕು. ಇಟ್ಟುಕೊಳ್ಳಲು ಆಗದ್ದನ್ನು ಕೇಳಲೇಬಾರದು. ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಕಡಿಮೆ ಮಾಡುವುದೂ ಒಳ್ಳೆಯ ವಿನ್ಯಾಸವೇ.

ಇಷ್ಟೆಲ್ಲ ಆದಮೇಲೆ ಹೊರಬರುವ ವಸ್ತು ನೋಡಲು ಬಹಳ ಸಾಧಾರಣ. ಕರಾರಿನ ಒಂದು ಸಾಲು ತೆಗೆದುಕೊಳ್ಳಿ: "ಬ್ರ್ಯಾಂಡ್ ಈ ವಿಡಿಯೋವನ್ನು ಶಾಶ್ವತವಾಗಿ, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ ಬಳಸಬಹುದು." ಓದುವವರು ಇದನ್ನು ದಾಟಿಕೊಂಡು ದುಡ್ಡಿನ ಸಾಲಿಗೆ ಹೋಗುತ್ತಾರೆ. ಸಂಘದ ಪುಟದಲ್ಲಿ ಅದರ ಕೆಳಗೆ ಹೀಗಿರಬೇಕು: "ಅಂದರೆ, ಒಂದು ಪೋಸ್ಟ್‌ನ ದುಡ್ಡಿಗೆ ನಿಮ್ಮ ಮುಖವನ್ನು ಹತ್ತು ವರ್ಷ ಆದಮೇಲೂ ಟಿವಿ ಜಾಹೀರಾತಿನಲ್ಲಿ ಹಾಕಬಹುದು." ಅದರ ಕೆಳಗೆ ನಕಲು ಮಾಡಿ ಅಂಟಿಸಲು ಎರಡು ಸಾಲಿನ ಉತ್ತರ: "ಬಳಕೆಯ ಹಕ್ಕನ್ನು ಮೂರು ತಿಂಗಳಿಗೆ, ನಿಮ್ಮ ಸೋಷಿಯಲ್ ಮೀಡಿಯಾ ಪುಟಗಳಿಗೆ ಮಾತ್ರ ಕೊಡುತ್ತೇನೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಬೇರೆ ದರ ಮಾತಾಡೋಣ." ಬ್ರ್ಯಾಂಡ್ ಜೊತೆ ಜಗಳ ಆಡುವ ಧೈರ್ಯ ಇಲ್ಲದವರೂ ಇದನ್ನು ಅಂಟಿಸಿ ಕಳಿಸಬಹುದು.

ಇದನ್ನು ಬಾಳಿಸುವುದೇ ಕಷ್ಟ. ಇಂಟರ್ನೆಟ್ ಕ್ರಿಯೇಟರ್ಸ್ ಗಿಲ್ಡ್ 2019ರಲ್ಲಿ ಬಾಗಿಲು ಮುಚ್ಚಿತು. ದೊಡ್ಡ ಕ್ರಿಯೇಟರ್‌ಗಳಿಗೆ ಸ್ವಂತ ವಕೀಲರು, ಏಜೆಂಟರು ಇರುತ್ತಾರೆ. ಚಿಕ್ಕವರಿಗೆ ಸಂಘ ಬೇಕು, ಆದರೆ ಚಂದಾ ಕೊಡುವ ಶಕ್ತಿ ಕಡಿಮೆ. ಹಾಗಾಗಿ ಸಂಶೋಧನೆಗೆ ಬಂದ ಅನುದಾನದಲ್ಲಿ ಒಂದು ಚಂದದ ದರಪಟ್ಟಿ ಮಾಡಿ, ದುಡ್ಡು ಮುಗಿದ ಮೇಲೆ ಬಿಟ್ಟು ಹೋಗುವುದು ಸುಲಭ. ಎರಡು ವರ್ಷದ ಹಿಂದಿನ ದರ ನೋಡಿ ಕಡಿಮೆ ಕೇಳಿದವರಿಗೆ ಆ ಪಟ್ಟಿಯೇ ನಷ್ಟ ಮಾಡುತ್ತದೆ. ಅದಕ್ಕೇ ಪಟ್ಟಿಯ ತಲೆಯ ಮೇಲೆ, ಸಂಘದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಎರಡು ವಿಷಯ ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ: ಕೊನೆಯ ಸಲ ತಿದ್ದಿದ ದಿನಾಂಕ, ಮತ್ತು ಮುಂದಿನ ಸಲ ತಿದ್ದುವವರು ಯಾರು.